ನಹ್ವ್ ಪೂರ್ತಿ ಗೊತ್ತು, ಬಾಯಿಂದ ಅರಬಿ ಬರುತ್ತಿಲ್ಲ. ನಿಮಗೂ ಹೀಗಾಗಿತ್ತಾ?

ಗಂಗೊಳ್ಳಿಯವನು

ಎಲ್ಲರಿಗೂ ನಮಸ್ಕಾರ, ಸಲಾಂ. ಸ್ವಲ್ಪ ಉದ್ದ ಬರೆಯುತ್ತೇನೆ, ಬಹಳ ದಿನದಿಂದ ಮನಸ್ಸಲ್ಲಿ ಕೊರೆಯುತ್ತಿರುವ ವಿಷಯ.

ನಾನು ಊರಲ್ಲಿ ಐದು ವರ್ಷ ಅರಬಿ ಓದಿದೆ. ನಹ್ವ್ ಅಂದರೆ ವಾಕ್ಯದ ವ್ಯಾಕರಣ, ಸರ್ಫ್ ಅಂದರೆ ಪದದ ರೂಪಗಳ ವ್ಯಾಕರಣ, ಎರಡನ್ನೂ ಚೆನ್ನಾಗಿ ಕಲಿಸಿದರು. ಆಜುರ್ರೂಮಿಯ್ಯಾ ಎಂಬ ನಹ್ವ್ ಪುಸ್ತಕ ಬಾಯಿಪಾಠ ಇತ್ತು. ‘ದರಬ ಝೈದುನ್ ಅಮ್ರನ್’, ಝೈದ್ ಅಮ್ರನಿಗೆ ಹೊಡೆದ, ನಹ್ವ್ ಓದಿದ ಯಾರೂ ಈ ವಾಕ್ಯ ಮರೆಯುವುದಿಲ್ಲ. ಝೈದ್ ಕರ್ತೃ, ಅದಕ್ಕೆ ಕೊನೆಯಲ್ಲಿ ‘ಉನ್’. ಅಮ್ರ್ ಕರ್ಮ, ಅದಕ್ಕೆ ‘ಅನ್’. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

ಆಮೇಲೆ ಕೆಲಸಕ್ಕೆ ಜಿದ್ದಾಕ್ಕೆ ಬಂದೆ. ಎರಡನೇ ವಾರವೇ ಕೆಮ್ಮು ಹಿಡಿಯಿತು. ಔಷಧಿ ಅಂಗಡಿಗೆ ಹೋಗುವಾಗ ದಾರಿಯಲ್ಲೇ ವಾಕ್ಯ ಕಟ್ಟಿಕೊಂಡೆ. ‘ಉರೀದು ದವಾಅನ್ ಲಿಸ್ಸುಆಲ್.’ ಕೆಮ್ಮಿಗೆ ಔಷಧಿ ಬೇಕು. ಒಂದು ತಪ್ಪಿಲ್ಲ. ಅಂಗಡಿಯಲ್ಲಿದ್ದವರು ಈಜಿಪ್ಟಿನವರು. ನಾನು ಹೇಳಿದ್ದು ಅವರಿಗೆ ಪೂರ್ತಿ ಅರ್ಥವಾಯಿತು. ತಿರುಗಿ ಕೇಳಿದರು: ‘ಕುಹ್ಹಾ ನಾಶ್ಫಾ ವಲ್ಲಾ ಬಿ ಬಲ್ಗಮ್?’ ನನಗೆ ಏನೂ ಗೊತ್ತಾಗಲಿಲ್ಲ. ‘ವಲ್ಲಾ’ ಕೇಳಿ ಅಲ್ಲಾಹನ ಆಣೆ ಇಡುತ್ತಿದ್ದಾರೆ ಅಂದುಕೊಂಡೆ. ಒಣ ಕೆಮ್ಮೋ ಕಫ ಬರುತ್ತದೋ ಎಂದು ಅವರು ಕೇಳಿದ್ದು. ಮಾತಿನ ಅರಬಿಯಲ್ಲಿ ವಲ್ಲಾ ಅಂದರೆ ‘ಅಥವಾ’ ಎಂದು ನನಗೆ ಐದು ವರ್ಷದಲ್ಲಿ ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ.

ನನ್ನ ರೂಮಿನಲ್ಲಿ ಒಬ್ಬ ಹುಡುಗ ಇದ್ದಾನೆ. ಅರಬಿ ಪುಸ್ತಕ ಮುಟ್ಟಿದವನೇ ಅಲ್ಲ. ಕೆಳಗಿನ ಬಕಾಲಾದಲ್ಲಿ, ಅಂದರೆ ದಿನಸಿ ಅಂಗಡಿಯಲ್ಲಿ, ಯಮನ್‌ನವರ ಜೊತೆ ಗಂಟೆಗಟ್ಟಲೆ ಮಾತಾಡುತ್ತಾನೆ, ನಗುತ್ತಾನೆ. ನಾನು ಪಕ್ಕದಲ್ಲಿ ಸುಮ್ನೆ ನಿಂತಿರುತ್ತೇನೆ. ಬಾಯಿ ತೆರೆಯುವ ಮುಂಚೆ ಪ್ರತಿ ಪದದ ಕೊನೆಯ ಸ್ವರ ಲೆಕ್ಕ ಹಾಕುತ್ತೇನೆ, ಅದು ಮುಗಿಯುವಷ್ಟರಲ್ಲಿ ಮಾತು ಬೇರೆ ಎಲ್ಲಿಗೋ ಹೋಗಿರುತ್ತದೆ.

ಹಾಗಾದರೆ ಕಲಿತ ವ್ಯಾಕರಣ ಮಾತಿಗೆ ಅಡ್ಡವೇ? ಅಥವಾ ನಾನು ಅದನ್ನು ಬಳಸುವ ರೀತಿ ತಪ್ಪಾ? ಎರಡೂ ಕಡೆ ಇದ್ದವರು ದಯವಿಟ್ಟು ಹೇಳಿ.

ದಮ್ಮಾಮ್ ಡ್ರೈವರ್

ತಮ್ಮಾ, ನಾನು ನಿನಗೆ ಪೂರ್ತಿ ಉಲ್ಟಾ. ಬಂಟ್ವಾಳದ ಕಡೆಯವನು. ಇಲ್ಲಿ ಮನೆ ಡ್ರೈವರ್ ಆಗಿ 14 ವರ್ಷ. ಅರಬಿ ಅಕ್ಷರ ಇವತ್ತಿಗೂ ಓದಲು ಬರುವುದಿಲ್ಲ. ಆದರೆ ಬಂದ ಮೂರು ತಿಂಗಳಲ್ಲಿ ಮಾತಾಡುತ್ತಿದ್ದೆ. ಯಮೀನ್ ಅಂದರೆ ಬಲಕ್ಕೆ, ಯಸಾರ್ ಅಂದರೆ ಎಡಕ್ಕೆ, ಸೀದಾ ಅಂದರೆ ಸೀದಾ, ಅದು ನಮ್ಮ ಕಡೆಯಿಂದಲೇ ಅಲ್ಲಿಗೆ ಹೋದ ಮಾತು. ‘ಅನಾ ಮಾಫಿ ಮಾಲೂಮ್’ ಅಂದರೆ ನನಗೆ ಗೊತ್ತಿಲ್ಲ. ಇಷ್ಟರಲ್ಲಿ ದಿನ ಕಳೆಯುತ್ತದೆ.

ಆದರೆ ಇದನ್ನೂ ಕೇಳು. ನಾನು ವರ್ಷಗಟ್ಟಲೆ ‘ಅನಾ ಯರೂಹ್’ ಎನ್ನುತ್ತಿದ್ದೆ, ನಾನು ಹೋಗುತ್ತೇನೆ ಅನ್ನುವುದಕ್ಕೆ. ದೊಡ್ಡವರು ಯಾರೂ ತಿದ್ದಲಿಲ್ಲ. ಅವರಿಗೆ ಅರ್ಥವಾದರೆ ಸಾಕಲ್ವಾ. ಒಂದು ದಿನ ಶಾಲೆಯಿಂದ ಕರೆತರುವಾಗ ಮನೆಯ ಸಣ್ಣ ಮಗು ಹಿಂದಿನ ಸೀಟಿನಿಂದ ಹೇಳಿತು, ‘ಯರೂಹ್ ಅಲ್ಲ, ಅರೂಹ್’ ಎಂದು. ಅರೂಹ್ ಅಂದರೆ ನಾನು ಹೋಗುತ್ತೇನೆ. ಯರೂಹ್ ಅಂದರೆ ಅವನು ಹೋಗುತ್ತಾನೆ. ಅಂದರೆ ಅಷ್ಟು ವರ್ಷ ನಾನು ‘ನಾನು ಹೋಗುತ್ತಾನೆ’ ಅನ್ನುತ್ತಿದ್ದೆ! ನಮ್ಮ ಕನ್ನಡದಲ್ಲಿ ಯಾರಾದರೂ ಹಾಗೆ ಅಂದರೆ ನಮಗೆ ಹೇಗೆ ಕೇಳಿಸುತ್ತದೆ ಯೋಚಿಸು. ಆವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇನ್ನೊಂದು ಸಲ ದೊಡ್ಡ ತೊಂದರೆಯೇ ಆಯಿತು. ‘ಕಫೀಲ್ ಕಲಾಮ್ ಅನಾ’ ಎಂದು ಒಬ್ಬರಿಗೆ ಹೇಳಿದೆ. ಕಫೀಲ್, ಅಂದರೆ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡ ಯಜಮಾನರು, ನನಗೆ ಹೇಳಿದರು ಎಂಬುದು ನನ್ನ ಅರ್ಥ. ಅವರು, ನಾನೇ ಹೋಗಿ ಕಫೀಲ್‌ಗೆ ಹೇಳಿದೆ ಎಂದು ತಿಳಿದುಕೊಂಡರು. ಚಾಡಿ ಹೇಳಿದವನು ಅನ್ನಿಸಿಕೊಂಡೆ. ‘ಕಲ್ಲಮ್ನಿ’ ಎಂದು ಒಂದು ‘ನಿ’ ಸೇರಿಸಿದ್ದರೆ ಮುಗಿಯುತ್ತಿತ್ತು. ಯಾರು ಯಾರಿಗೆ ಅನ್ನುವುದನ್ನು ಹೇಳಲು ವ್ಯಾಕರಣ ಬೇಕೇ ಬೇಕು ತಮ್ಮಾ. ನಿನ್ನ ಐದು ವರ್ಷ ನನಗೆ ಸಿಕ್ಕಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಶಾರ್ಜಾ ರೂಮು

ವ್ಯಾಕರಣ ಬಿಸಾಕಿ. ಮಗು ಗ್ರಾಮರ್ ಓದಿ ಮಾತು ಕಲಿಯುತ್ತದಾ? ಇಡೀ ದಿನ ಅರಬಿ ಟೀವಿ ಹಾಕಿ, ಜನರ ಜೊತೆ ಮಾತಾಡಿ, ತಾನಾಗಿಯೇ ಬರುತ್ತದೆ.

ದಮ್ಮಾಮ್ ಡ್ರೈವರ್

ತಾನಾಗಿಯೇ ಬರುತ್ತದೆ, ಒಪ್ಪುತ್ತೇನೆ. ತಾನಾಗಿಯೇ ಒಂದು ಕಡೆ ನಿಂತೂ ಬಿಡುತ್ತದೆ. ಮಗುವಿಗೆ ತಪ್ಪು ತಿದ್ದಲು ಅಮ್ಮ ಇರುತ್ತಾಳೆ. ನನಗೆ ಯಾರಿದ್ದರು?

ಉಸ್ತಾದ್, ಕರಾವಳಿ

ಗಂಗೊಳ್ಳಿಯವರ ಮಾತು ಓದಿ ಬೇಸರವಾಯಿತು, ಯಾಕೆಂದರೆ ನಾನೇ ನಹ್ವ್ ಕಲಿಸುವವನು. ನನ್ನ ಹತ್ತಿರ ಓದಿದ ಹುಡುಗರಲ್ಲೂ ಇದೇ ಸ್ಥಿತಿಯವರು ಇದ್ದಾರೆ. ಆದರೂ ಎರಡು ಮಾತು ಹೇಳಬೇಕು.

ಮೊದಲನೆಯದು, ನಾವು ನಹ್ವ್ ಕಲಿಸುವುದು ಓದುವುದಕ್ಕೆ. ಅರಬಿ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕಾಗದದ ಮೇಲೆ ಕ, ತ, ಬ ಎಂಬ ಮೂರು ಅಕ್ಷರ ಇದ್ದರೆ ಅದು ‘ಕತಬ’, ಬರೆದನು, ಆಗಬಹುದು. ‘ಕುತಿಬ’, ಬರೆಯಲ್ಪಟ್ಟಿತು, ಆಗಬಹುದು. ‘ಕುತುಬ್’, ಪುಸ್ತಕಗಳು, ಕೂಡ ಆಗಬಹುದು. ವಾಕ್ಯದ ರಚನೆ ಗೊತ್ತಿಲ್ಲದೆ ಜೋರಾಗಿ ಓದಲೂ ಆಗುವುದಿಲ್ಲ. ಮಾತಿನಲ್ಲಿ ಹಾಗಲ್ಲ, ಎದುರಿನವರು ಸ್ವರ ಸಮೇತ ಹೇಳುತ್ತಾರೆ. ಕಿತಾಬ್ ಬಿಡಿಸಿ ಓದಲು ಕಲಿಸಿದ ವಿದ್ಯೆಯನ್ನು ಔಷಧಿ ಅಂಗಡಿಯಲ್ಲಿ ಪರೀಕ್ಷೆ ಮಾಡಿದರೆ ಅದು ಅಲ್ಲಿ ಸಾಲುವುದಿಲ್ಲ. ಆದರೆ ಹುಡುಗರಿಗೆ ಈ ವ್ಯತ್ಯಾಸವನ್ನು ನಾವು ಮೊದಲೇ ಹೇಳುವುದಿಲ್ಲ. ಆ ತಪ್ಪು ನಮ್ಮ ಕಡೆಯದು.

ಎರಡನೆಯದು, ಕೊನೆಯ ಸ್ವರ ಬೆಲೆಯಿಲ್ಲದ್ದು ಎಂದು ಯಾರೂ ತಿಳಿಯಬಾರದು. ನಹ್ವ್ ಶುರು ಮಾಡಿದವರು ಎಂದು ಹೇಳಲಾಗುವ ಅಬುಲ್ ಅಸ್ವದ್ ಅದ್ದುಅಲೀ ಅವರ ಬಗ್ಗೆ ಹಿಂದಿನಿಂದ ಹೇಳಿಕೊಂಡು ಬಂದ ಒಂದು ಕತೆ ಇದೆ. ಅವರ ಮಗಳು ರಾತ್ರಿ ಆಕಾಶ ನೋಡಿ ‘ಮಾ ಅಹ್ಸನು ಸ್ಸಮಾ’ ಎಂದಳಂತೆ. ಅಪ್ಪ ‘ನಕ್ಷತ್ರಗಳು’ ಎಂದು ಉತ್ತರ ಕೊಟ್ಟರು. ಅವಳು ಹೇಳಿದ ರೀತಿಯಲ್ಲಿ ಅದು ‘ಆಕಾಶದಲ್ಲಿ ಅತ್ಯಂತ ಚೆಂದದ್ದು ಯಾವುದು’ ಎಂಬ ಪ್ರಶ್ನೆ. ಅವಳಿಗೆ ಬೇಕಿದ್ದದ್ದು ‘ಆಕಾಶ ಎಷ್ಟು ಚೆಂದ!’ ಎಂಬ ಉದ್ಗಾರ. ಅದಕ್ಕೆ ‘ಅಹ್ಸನ’ ಎನ್ನಬೇಕಿತ್ತು. ಒಂದು ‘ಉ’ ಮತ್ತು ಒಂದು ‘ಅ’, ಅಷ್ಟೇ.

ಗಂಗೊಳ್ಳಿಯವರಿಗೆ ಒಂದು ಸಮಾಧಾನದ ಮಾತು. ವಕ್ಫ್ ನಿಯಮ ನೀವು ಓದಿರುತ್ತೀರಿ. ಮಾತು ನಿಲ್ಲಿಸುವ ಜಾಗದಲ್ಲಿ ‘ಝೈದುನ್’ ಎನ್ನುವುದಿಲ್ಲ, ‘ಝೈದ್’ ಎಂದು ನಿಲ್ಲಿಸುತ್ತೇವೆ. ಅದೂ ವ್ಯಾಕರಣವೇ. ಹಾಗಾಗಿ ಸಣ್ಣ ಸಣ್ಣ ತುಂಡುಗಳಲ್ಲಿ, ನಿಲ್ಲಿಸಿ ನಿಲ್ಲಿಸಿ ಮಾತಾಡಿ. ಅರ್ಧಕ್ಕರ್ಧ ಲೆಕ್ಕ ಅಲ್ಲಿಯೇ ಕಡಿಮೆಯಾಗುತ್ತದೆ.

ಕುವೈತ್ ನರ್ಸಕ್ಕ

ಉಡುಪಿಯವಳು, ಇಲ್ಲಿ ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ನನ್ನದು ಎರಡರ ಮಧ್ಯದ ದಾರಿ. ಬರುವ ಮುಂಚೆ ಆರು ತಿಂಗಳು ಕ್ಲಾಸಿಗೆ ಹೋಗಿದ್ದೆ, ಪುಸ್ತಕದ ಅರಬಿ. ನೋವು ಎಲ್ಲಿದೆ ಎಂದು ಕೇಳಲು ‘ಐನಲ್ ಅಲಮ್?’ ಎಂದು ಕಲಿಸಿದ್ದರು. ಇಲ್ಲಿ ಅಜ್ಜಿಯರಿಗೆ ನಾನು ಹಾಗೆ ಕೇಳಿದರೆ ಅರ್ಥವಾಗುತ್ತಿತ್ತು, ಪಾಪ ನಗುತ್ತಾ ಉತ್ತರವನ್ನೂ ಕೊಡುತ್ತಿದ್ದರು. ಆ ಉತ್ತರ ನನಗೆ ಅರ್ಥವಾಗುತ್ತಿರಲಿಲ್ಲ. ‘ಬತ್ನಿ ಯಅವ್ವರ್ನಿ’ ಅನ್ನುತ್ತಿದ್ದರು. ಹೊಟ್ಟೆ ನೋಯುತ್ತಿದೆ ಎಂದು.

ಇಲ್ಲಿನ ನರ್ಸ್‌ಗಳು ಕೇಳುವುದನ್ನು ಕಿವಿಗೊಟ್ಟು ಕೇಳಿದೆ. ‘ವೇನ್ ಯಅವ್ವರಿಚ್?’ ಹೆಂಗಸರಿಗೆ ಕೇಳುವಾಗ ಕೊನೆಯಲ್ಲಿ ‘ಇಚ್’ ಬರುತ್ತದೆ. ಹೇಗಿದ್ದೀರಿ ಅನ್ನುವುದಕ್ಕೂ ಹಾಗೆಯೇ, ‘ಶ್ಲೋನಿಚ್’. ಒಂದು ವಾರ ಬರೀ ಅದನ್ನೇ ಹೇಳಿಕೊಂಡು ತಿರುಗಾಡಿದೆ. ಆಮೇಲೆ ಒಂದು ದಿನ ಔಷಧಿ ಟ್ರಾಲಿ ತಳ್ಳುತ್ತಿದ್ದಾಗ ತಟ್ಟನೆ ಹೊಳೆಯಿತು. ಈ ‘ಇಚ್’ ಅಂದರೆ ‘ನಿಮಗೆ’, ಆ ‘ನಿ’ ಅಂದರೆ ‘ನನಗೆ’, ಮಧ್ಯದ ‘ಯಅವ್ವರ್’ ಅಂದರೆ ನೋಯಿಸುತ್ತದೆ. ಕ್ಲಾಸಿನಲ್ಲಿ ಸರ್ವನಾಮದ ಪಟ್ಟಿ ಬೋರ್ಡಿನ ಮೇಲೆ ಬರೆದಿದ್ದರಲ್ಲ, ಅದು ಇದೇ! ಆ ಪಟ್ಟಿಯನ್ನು ನಾನು ಬರೆದುಕೊಂಡಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ, ಆದರೆ ಅದು ಯಾರೋ ಒಬ್ಬರ ಹೊಟ್ಟೆನೋವಿಗೆ ಸೇರುವವರೆಗೆ ನನಗೆ ಒಳಗೆ ಇಳಿದಿರಲಿಲ್ಲ.

ಹಾಗೆಂದು ಪಟ್ಟಿ ದಂಡವಾಯಿತು ಅನ್ನಲಾರೆ. ಪಟ್ಟಿ ಮೊದಲೇ ಇದ್ದುದರಿಂದ ತಾನೇ ಹೊಳೆದದ್ದು? ನನ್ನ ಜೊತೆಯ ಕೆಲವರು ‘ಯಅವ್ವರ್ನಿ’ ಅನ್ನುವುದನ್ನು ಇಡೀ ಒಂದು ಪದ ಎಂದೇ ಕಲಿತಿದ್ದಾರೆ. ರೋಗಿಗೆ ಕೇಳುವಾಗಲೂ ‘ಯಅವ್ವರ್ನಿ?’ ಅಂದುಬಿಡುತ್ತಾರೆ, ಅಂದರೆ ‘ನನಗೆ ನೋಯುತ್ತದಾ?’ ಎಂದು.

ಗಂಗೊಳ್ಳಿ ತಮ್ಮಾ, ನಿನ್ನ ಹತ್ತಿರ ಪಟ್ಟಿಗಳು ತುಂಬಾ ಇವೆ. ಹೊಟ್ಟೆನೋವು, ಕೆಮ್ಮು, ಬಾಡಿಗೆ, ಜಗಳ, ಇವು ಕಡಿಮೆ ಇವೆ. ಅವನ್ನು ತಂದು ಪಟ್ಟಿಗೆ ಸೇರಿಸು.

ಕಲಿಯುವವಳು, ಮೈಸೂರು

ಅಕ್ಕ, ಒಂದು ಪ್ರಶ್ನೆ. ನಾನು ಈಗಷ್ಟೇ ಶುರು ಮಾಡಿದ್ದೇನೆ. ಮೊಬೈಲ್ ಆ್ಯಪ್‌ನಲ್ಲಿ ಕಲಿಯುತ್ತಿದ್ದೇನೆ, ಜೊತೆಗೆ ಮದೀನಾ ಪುಸ್ತಕದ ಮೊದಲ ಭಾಗ. ‘ಹಾದಾ ಬೈತುನ್’, ಇದು ಮನೆ, ಅಲ್ಲಿಂದ ಶುರುವಾಗುತ್ತದಲ್ಲ, ಅದು. ಇನ್ನೂ ಮಾತು ಬಂದಿಲ್ಲ, ವ್ಯಾಕರಣವೂ ಬಂದಿಲ್ಲ. ಯಾವುದನ್ನು ಮೊದಲು ಹಿಡಿಯಲಿ? ಮುಂದಿನ ವರ್ಷ ಯಜಮಾನರ ಜೊತೆ ಮಸ್ಕತ್‌ಗೆ ಹೋಗಬೇಕು. ಮೂರರಿಂದ ಹತ್ತರವರೆಗಿನ ಸಂಖ್ಯೆಗೆ ಲಿಂಗ ತಿರುಗಾಮುರುಗಾ ಆಗುತ್ತದೆ ಎಂದು ಓದಿ ಅಳು ಬಂತು.

ಇತಿಹಾಸ ಓದುಗ

ಈ ಪ್ರಶ್ನೆ ಇವತ್ತಿನದಲ್ಲ. ಟ್ಯುನಿಸ್‌ನಲ್ಲಿ 1332ರಲ್ಲಿ ಹುಟ್ಟಿದ ಇತಿಹಾಸಕಾರ ಇಬ್ನ್ ಖಲ್ದೂನ್ ತಮ್ಮ ಮುಖದ್ದಿಮಾ ಎಂಬ ಗ್ರಂಥದಲ್ಲಿ ಇದಕ್ಕೇ ಒಂದು ಅಧ್ಯಾಯ ಇಟ್ಟಿದ್ದಾರೆ. ಭಾಷೆಯ ರೂಢಿ ಬೇರೆ, ವ್ಯಾಕರಣದ ಕಸುಬು ಬೇರೆ ಅನ್ನುತ್ತಾರೆ. ಅವರು ರೂಢಿಗೆ ಬಳಸುವ ಪದ ‘ಮಲಕಾ’. ಮತ್ತೆ ಮತ್ತೆ ಮಾಡಿ ಮೈಗೂಡಿದ್ದು ಎಂದು ಅರ್ಥ.

ಅವರು ಕೊಡುವ ಉದಾಹರಣೆ ದರ್ಜಿಯದು. ಹೊಲಿಗೆಯನ್ನು ಬಾಯಲ್ಲಿ ಬಲ್ಲವನು ಒಬ್ಬನಿದ್ದಾನೆ. ಸೂಜಿಗೆ ದಾರ ಪೋಣಿಸು, ಎರಡು ಅಂಚು ಕೂಡಿಸು, ಇಲ್ಲಿ ಚುಚ್ಚಿ ಅಲ್ಲಿ ತೆಗೆ ಎಂದು ಎಲ್ಲ ಹೇಳುತ್ತಾನೆ. ಕೈಗೆ ಬಟ್ಟೆ ಕೊಟ್ಟರೆ ಹೊಲಿಯಲು ಬರುವುದಿಲ್ಲ. ದೊಡ್ಡ ದೊಡ್ಡ ವ್ಯಾಕರಣ ಪಂಡಿತರೂ ಸ್ನೇಹಿತನಿಗೆ ಎರಡು ಸಾಲು ಬರೆಯಲು ಕೂತರೆ ತಪ್ಪು ಮಾಡುತ್ತಾರೆ ಎಂದೂ ಬರೆಯುತ್ತಾರೆ. 1377ರಲ್ಲಿ!

ನನಗೆ ಇದಕ್ಕಿಂತ ಇಷ್ಟವಾದದ್ದು ಅವರ ಇನ್ನೊಂದು ಮಾತು. ಹಳೆಯ ಕಾಲದ ಪಂಡಿತ ಸೀಬವೈಹಿಯ ವ್ಯಾಕರಣ ಓದಿದವರಿಗೆ ಸ್ವಲ್ಪ ಮಲಕಾವೂ ಸಿಗುತ್ತದೆ ಅನ್ನುತ್ತಾರೆ. ಯಾಕೆಂದರೆ ಅದರಲ್ಲಿ ನಿಯಮದ ಜೊತೆ ಅರಬರ ಕವಿತೆ, ಗಾದೆ, ನಿಜವಾದ ಮಾತು ತುಂಬಿವೆ. ಆಮೇಲೆ ಬಂದವರ ಪುಸ್ತಕಗಳಲ್ಲಿ ಬರೀ ನಿಯಮ ಉಳಿಯಿತು ಎಂಬುದು ಅವರ ದೂರು. ಝೈದ್ ಅಮ್ರನಿಗೆ ಹೊಡೆಯುವುದು ಬಿಟ್ಟರೆ ಬೇರೇನೂ ಕೇಳದ ಹುಡುಗನ ಬಾಯಿಗೆ ಮಾತು ಎಲ್ಲಿಂದ ಬರಬೇಕು?

ನಮ್ಮ ಕನ್ನಡವನ್ನೇ ನೋಡಿ. ‘ಮನೆಗೆ’ ಅನ್ನುತ್ತೇವೆ, ‘ಮರಕ್ಕೆ’ ಅನ್ನುತ್ತೇವೆ, ‘ಹುಡುಗನಿಗೆ’ ಅನ್ನುತ್ತೇವೆ. ಎಲ್ಲಿ ಗೆ, ಎಲ್ಲಿ ಕ್ಕೆ, ಎಲ್ಲಿ ಇಗೆ ಎಂದು ಯಾರು ಯೋಚಿಸುತ್ತಾರೆ? ಶಾಲೆಯಲ್ಲಿ ವಿಭಕ್ತಿ ಪಟ್ಟಿ ಬಂದದ್ದು ಆಮೇಲೆ. ಮಾತಿನಲ್ಲಿ ‘ಪುಸ್ತಕವನ್ನು ಕೊಡು’ ಎಂದೂ ಅನ್ನುವುದಿಲ್ಲ, ‘ಪುಸ್ತಕ ಕೊಡು’ ಅಷ್ಟೇ. ಬೀದಿಯ ಅರಬಿಯಲ್ಲಿ ಕೊನೆಯ ಸ್ವರಗಳು ಬಿದ್ದುಹೋಗಿರುವುದು ನಮಗೆ ಅಷ್ಟೇನೂ ವಿಚಿತ್ರ ಅನ್ನಿಸಬಾರದು.

ಗಂಗೊಳ್ಳಿಯವನು

ಎಲ್ಲರಿಗೂ ಬಹಳ ಥ್ಯಾಂಕ್ಸ್. ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಏನು ಮಾಡಿದೆ ಎಂದು ಹೇಳದೆ ಹೋಗುವುದು ಸರಿಯಲ್ಲ.

ಡ್ರೈವರ್ ಅಣ್ಣ ಬರೆದ ‘ನಾನು ಹೋಗುತ್ತಾನೆ’ ನನ್ನ ತಲೆಯಲ್ಲಿ ಕೂತಿತು. ಕನ್ನಡದಲ್ಲಿ ಕ್ರಿಯಾಪದದ ಬಾಲ ಬದಲಾಗುತ್ತದೆ: ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ. ಅರಬಿಯಲ್ಲಿ ಇದೇ ಕೆಲಸಕ್ಕೆ ತಲೆ ಬದಲಾಗುತ್ತದೆ: ಅರೂಹ್, ತಿರೂಹ್, ಯಿರೂಹ್. ನಾನು ಸರ್ಫ್‌ನಲ್ಲಿ ಬಾಯಿಪಾಠ ಮಾಡಿದ ಹದಿನಾಲ್ಕು ಸೀಘಾ, ಅಂದರೆ ಕ್ರಿಯಾಪದದ ರೂಪಗಳು, ಇದೇ ಅಲ್ವಾ ಎಂದು ಕಾಗದ ತೆಗೆದು ಕೂತೆ. ಕೆಲಸದಲ್ಲಿ ಒಬ್ಬರು ಜಿದ್ದಾದವರೇ ಇದ್ದಾರೆ, ಅವರ ಹತ್ತಿರ ಒಂದೊಂದಾಗಿ ಕೇಳಿದೆ. ಹದಿನಾಲ್ಕರಲ್ಲಿ ‘ಅವರಿಬ್ಬರು, ನೀವಿಬ್ಬರು’ ಎಂಬ ದ್ವಿವಚನದ ನಾಲ್ಕು ಇಲ್ಲಿನ ಮಾತಿನಲ್ಲಿ ಇಲ್ಲ. ಹೆಂಗಸರಿಗೇ ಮೀಸಲಾದ ಬಹುವಚನ ಎರಡೂ ಇಲ್ಲ. ಉಳಿದದ್ದು ಎಂಟು. ಅಷ್ಟೇ, ಎಂಟು! ಐದು ವರ್ಷ ಹೊತ್ತುಕೊಂಡು ಬಂದದ್ದರಲ್ಲಿ ಬೀದಿಗೆ ಬೇಕಾದದ್ದು ನನ್ನ ಹತ್ತಿರವೇ ಇತ್ತು.

ಆಮೇಲೆ ಆರು ಕ್ರಿಯಾಪದ ಆರಿಸಿಕೊಂಡೆ. ಹೋಗು, ಬಾ, ನೋಡು, ಮಾಡು, ಬೇಕು, ಕೊಡು. ಪುಸ್ತಕದ ರೂಪ ಅಲ್ಲ, ಇಲ್ಲಿನ ಜನ ಹೇಳುವ ರೂಪ. ನೋಡು ಅನ್ನುವುದಕ್ಕೆ ಪುಸ್ತಕದಲ್ಲಿ ‘ರಆ’, ಇಲ್ಲಿ ‘ಶಾಫ್’. ದಿನಾ ಬೆಳಿಗ್ಗೆ ಕೆಲಸಕ್ಕೆ ನಡೆದು ಹೋಗುವಾಗ ಒಂದೊಂದನ್ನೂ ಎಂಟು ರೂಪದಲ್ಲಿ ಜೋರಾಗಿ ಹೇಳಿಕೊಂಡೆ. ಮನಸ್ಸಲ್ಲಿ ಹೇಳಿದರೆ ಆಗುವುದಿಲ್ಲ, ಇದು ನನ್ನ ಅನುಭವ, ತುಟಿ ನಾಲಿಗೆ ಎರಡೂ ಅಲ್ಲಾಡಬೇಕು. ಸಂಜೆ ಬಕಾಲಾದಲ್ಲಿ ಅದರಲ್ಲಿ ಒಂದನ್ನಾದರೂ ಬಳಸಲೇಬೇಕು ಎಂದು ಹಟ ಮಾಡಿದೆ. ಕೊನೆಯ ಸ್ವರದ ಲೆಕ್ಕ ಪೂರ್ತಿ ಬಿಟ್ಟೆ. ಅದು ನಮಾಜಿಗೆ, ಕಿತಾಬಿಗೆ, ಜುಮಾದ ಖುತ್ಬಾ ಕೇಳುವುದಕ್ಕೆ ಇರಲಿ. ಅಲ್ಲಿ ಅದು ಇವತ್ತಿಗೂ ನನಗೆ ಬಹಳ ಪ್ರೀತಿಯದು.

ಮೊದಲ ಮೂರು ವಾರ ಏನೂ ಆಗಲಿಲ್ಲ. ನಾಲ್ಕನೇ ವಾರ ಬಕಾಲಾದವರು ನನ್ನನ್ನೇ ಮಾತಾಡಿಸಲು ಶುರು ಮಾಡಿದರು.

ಒಂದು ಸಂತೋಷದ ವಿಷಯ ಹೇಳಲೇಬೇಕು. ಮೊನ್ನೆ ಒಬ್ಬರು ಅಂಗಡಿಯಲ್ಲಿ ‘ಅನಾ ಮುಸ್ತಅಜಿಲ್’ ಅಂದರು. ಆ ಪದ ನಾನು ಯಾವತ್ತೂ ಕೇಳಿರಲಿಲ್ಲ. ಆದರೆ ‘ಅಜಲಾ’ ಅಂದರೆ ಅವಸರ ಎಂದು ಗೊತ್ತಿತ್ತು, ‘ಮುಸ್ತ’ ಎಂದು ಶುರುವಾಗುವ ಅಚ್ಚು ಸರ್ಫ್‌ನಲ್ಲಿ ಓದಿದ್ದೆ. ಅವಸರದಲ್ಲಿದ್ದೇನೆ ಅನ್ನುತ್ತಿದ್ದಾರೆ ಎಂದು ಅಲ್ಲೇ ಗೊತ್ತಾಯಿತು, ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. ರೂಮಿನ ಹುಡುಗ ‘ಏನಂದರು?’ ಎಂದು ನನ್ನನ್ನು ಕೇಳಿದ.

ಮೈಸೂರಿನ ತಂಗಿಗೆ: ಸಂಖ್ಯೆಯ ಲಿಂಗಕ್ಕಾಗಿ ಅಳಬೇಡಮ್ಮ. ಪುಸ್ತಕದಲ್ಲಿ ಐದು ರಿಯಾಲ್‌ಗೆ ‘ಖಮ್ಸತು ರಿಯಾಲಾತ್’ ಎಂದು ಬರೆಯಬೇಕು. ಇಲ್ಲಿ ಎಲ್ಲರೂ ‘ಖಮ್ಸಾ ರಿಯಾಲ್’ ಅನ್ನುತ್ತಾರೆ. ಆ ಪಾಠ ಒಂದು ವರ್ಷ ಬಿಟ್ಟು ಓದಿದರೂ ನಡೆಯುತ್ತದೆ. ಕ್ರಿಯಾಪದ ಮಾತ್ರ ಮುಂದೂಡಬೇಡ. ಮಸ್ಕತ್‌ನ ಮಾತು ಇಲ್ಲಿಯದಕ್ಕಿಂತ ಬೇರೆ, ಅಲ್ಲಿ ಹೋದ ಮೇಲೆ ಅಲ್ಲಿನವರ ಬಾಯಿಂದಲೇ ರೂಪಗಳನ್ನು ಕೇಳಿ ಬರೆದುಕೊ.

ಕುವೈತ್ ನರ್ಸಕ್ಕ

ಇದಕ್ಕೆ ಒಂದು ಸೇರಿಸುತ್ತೇನೆ. ಒತ್ತಕ್ಷರ ಮತ್ತು ದೀರ್ಘದ ವಿಷಯದಲ್ಲಿ ನಮಗೆ ಕನ್ನಡದವರಿಗೆ ದೊಡ್ಡ ಅನುಕೂಲ ಇದೆ. ‘ದರಸ’ ಅಂದರೆ ಓದಿದ, ‘ದರ್ರಸ’ ಅಂದರೆ ಪಾಠ ಮಾಡಿದ. ಕತೆ ಮತ್ತು ಕತ್ತೆ ಬೇರೆ ಬೇರೆ ಎಂದು ಗೊತ್ತಿರುವ ಕಿವಿ ನಮ್ಮದು, ಇದನ್ನು ಹೊಸದಾಗಿ ಕಲಿಯಬೇಕಿಲ್ಲ. ನಮಗೆ ಕಷ್ಟ ಗಂಟಲಿನ ಅಕ್ಷರಗಳು. ಅದಕ್ಕೆ ಯಾವ ನಿಯಮವೂ ಸಹಾಯ ಮಾಡುವುದಿಲ್ಲ, ಯಾರಾದರೂ ಎದುರು ಕೂತು ತಿದ್ದಬೇಕು. ಮತ್ತೆ, ಮುಂದೆ ನಿಂತವರು ಹೆಂಗಸೋ ಗಂಡಸೋ ಎಂದು ನೋಡಿ ‘ನೀನು’ ಹೇಳುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊ. ಕನ್ನಡದಲ್ಲಿ ‘ನೀನು’ ಎಲ್ಲರಿಗೂ ಒಂದೇ, ಹಾಗಾಗಿ ನಾವು ಅಲ್ಲಿ ಬಹಳ ಕಾಲ ಎಡವುತ್ತೇವೆ.

ಉಸ್ತಾದ್, ಕರಾವಳಿ

ಗಂಗೊಳ್ಳಿಯವರೇ, ಹದಿನಾಲ್ಕರಲ್ಲಿ ಎಂಟು ಎಂಬುದನ್ನು ನಾನು ನಮ್ಮ ಹುಡುಗರಿಗೆ ಹೇಳಿದೆ. ಈಗ ಪಾಠದ ಕೊನೆಯ ಹದಿನೈದು ನಿಮಿಷ ಪುಸ್ತಕ ಮುಚ್ಚಿಸುತ್ತೇನೆ. ಇಬ್ಬಿಬ್ಬರು ಎದುರು ಬದುರು ಕೂತು ಆ ದಿನದ ಕ್ರಿಯಾಪದದಲ್ಲಿ ಒಬ್ಬರನ್ನೊಬ್ಬರು ಪ್ರಶ್ನೆ ಕೇಳಬೇಕು. ಎಲ್ಲಿಗೆ ಹೋಗುತ್ತೀಯ, ಯಾರು ಬಂದರು, ಏನು ನೋಡಿದೆ, ಹೀಗೆ. ಆ ಹೊತ್ತಿನಲ್ಲಿ ಕೊನೆಯ ಸ್ವರ ತಪ್ಪಿದರೆ ನಾನು ಬಾಯಿ ಹಾಕುವುದಿಲ್ಲ. ಯಾರು ಯಾರಿಗೆ ಎಂಬುದು ತಪ್ಪಿದರೆ ಮಾತ್ರ ನಿಲ್ಲಿಸುತ್ತೇನೆ. ಡ್ರೈವರ್ ಅವರ ಕಫೀಲ್ ಪ್ರಸಂಗವನ್ನೂ ಹೇಳಿದೆ, ಅವರ ಅಪ್ಪಣೆ ಕೇಳದೆ ಹೇಳಿದ್ದಕ್ಕೆ ಕ್ಷಮಿಸಬೇಕು.

ದಮ್ಮಾಮ್ ಡ್ರೈವರ್

ಅಯ್ಯೋ ಉಸ್ತಾದರೇ, ಹುಡುಗರಿಗೆ ಉಪಯೋಗವಾದರೆ ಸಾಕು. ನಾನು ಈಗ ಅಕ್ಷರ ಶುರು ಮಾಡಿದ್ದೇನೆ, ರಾತ್ರಿ ಅರ್ಧ ಗಂಟೆ. ಒಂದು ಡೌಟು. ‘ಮಕ್ತಬ್’ ಅಂದರೆ ಆಫೀಸು ಎಂದು ಗೊತ್ತು. ಅದಕ್ಕೂ ಕಿತಾಬ್‌ಗೂ ಸಂಬಂಧ ಇದೆಯಾ? ಅಕ್ಷರ ನೋಡಿದರೆ ಅವೇ ಕಾಣುತ್ತವೆ.

ಗಂಗೊಳ್ಳಿಯವನು

ಇದೆ ಅಣ್ಣಾ! ಬೇರು ಒಂದೇ, ಕ ತ ಬ. ಮುಂದೆ ‘ಮ’ ಹಾಕಿ ಆ ಅಚ್ಚಿಗೆ ತಂದರೆ ಅದು ನಡೆಯುವ ಜಾಗ ಆಗುತ್ತದೆ. ಬರೆಯುವ ಜಾಗ ಮಕ್ತಬ್. ಅಡುಗೆ ಮಾಡುವ ಜಾಗ ಮತ್‌ಬಖ್. ಸುಜೂದ್, ಅಂದರೆ ನೆಲಕ್ಕೆ ಹಣೆ ಹಚ್ಚಿ ನಮಿಸುವುದು, ಅದನ್ನು ಮಾಡುವ ಜಾಗ ಮಸ್ಜಿದ್.

ದಮ್ಮಾಮ್ ಡ್ರೈವರ್

ಹಾಗಾದರೆ ಮತಾರ್? ವಾರಕ್ಕೆ ಎರಡು ಸಲ ಏರ್‌ಪೋರ್ಟಿಗೆ ಗಾಡಿ ಓಡಿಸುತ್ತೇನೆ.

ಗಂಗೊಳ್ಳಿಯವನು

ಹಾರುವ ಜಾಗ. ವಿಮಾನಕ್ಕೆ ‘ತಯ್ಯಾರಾ’ ಅನ್ನುತ್ತಾರಲ್ಲ, ಅದೇ ಬೇರು.

ದಮ್ಮಾಮ್ ಡ್ರೈವರ್

ಮತ್ತೆ ಗಾಡಿ ನಿಲ್ಲಿಸುವ ಮೌಕಿಫ್?

ಉಸ್ತಾದ್, ಕರಾವಳಿ

ಅದನ್ನು ನಾನು ಹೇಳುತ್ತೇನೆ. ಮಾತು ನಿಲ್ಲಿಸುವುದಕ್ಕೆ ವಕ್ಫ್ ಎಂದು ಮೇಲೆ ಬರೆದಿದ್ದೆನಲ್ಲ, ಅದೂ ನಿಮ್ಮ ಮೌಕಿಫ್ ಕೂಡ ಒಂದೇ ಬೇರಿನವು.